ಕುಮುದಾ ಬಾವಿಗಿಳಿದದ್ದು, ಓಬಯ್ಯನ ಗೋಡೆ ಬಿದ್ದದ್ದು

ಚಳ್ಳಕೆರೆಯಲ್ಲಿ ಬೊಮ್ಮಲಿಂಗಪ್ಪನನ್ನು ‘ತೂಕದ ಮನುಷ್ಯ’ ಎನ್ನುವುದಕ್ಕೆ ಎರಡು ಕಾರಣಗಳಿದ್ದವು. ಒಂದು, ಆತ ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಮೂಟೆ ತೂಗಿಸುವ ಕೆಲಸದಲ್ಲಿದ್ದ. ಇನ್ನೊಂದು, ಆತ ಮಾತಾಡುತ್ತಿರಲಿಲ್ಲ. ಮಾತಾಡದವರೆಲ್ಲ ಆಳವಾಗಿ ಯೋಚಿಸುತ್ತಿರುತ್ತಾರೆ ಎಂಬುದು ನಮ್ಮ ಕಡೆಯ ಗಟ್ಟಿ ನಂಬಿಕೆ. ಹೊಲದ ಪಾಲಾಗಲಿ, ಎಮ್ಮೆ ವ್ಯಾಪಾರವಾಗಲಿ, ಬೊಮ್ಮಲಿಂಗಪ್ಪನನ್ನು ಕರೆದೊಯ್ದು ಗೋಡೆಗೊರಗಿಸಿ ಕೂರಿಸಿದರೆ ಎದುರಿನ ಪಾರ್ಟಿ ಅರ್ಧ ಸೋತಂತೆ. ಆತ ಜೇಬಿನಿಂದ ಹುರಿದ ಶೇಂಗಾ ಬೀಜ ಒಂದೊಂದೇ ತೆಗೆದು, ಸಿಪ್ಪೆ ಉಜ್ಜಿ, ಬಾಯಿಗೆ ಹಾಕಿಕೊಳ್ಳುತ್ತಾ ಎಲ್ಲೋ ನೋಡುತ್ತಿದ್ದ. ಆ ನೋಟಕ್ಕೇ ಹೆದರಿ ಎದುರಿನವರು ತಾವಾಗಿ ಇಳಿದು ಬರುತ್ತಿದ್ದರು. ಆ ಹೊತ್ತಿನಲ್ಲಿ ಆತ ನಿಜಕ್ಕೂ ಏನು ಯೋಚಿಸುತ್ತಿದ್ದ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

ಆದ್ದರಿಂದಲೇ ಅವನ ಅಕ್ಕ ಯರ್ರಮ್ಮ, ಮೆಡಿಕಲ್ ಸ್ಟೋರ್ ಇಟ್ಟುಕೊಂಡಿದ್ದ ತನ್ನ ಮಗ ಮಾರುತೇಶನಿಗೆ ಹೆಣ್ಣು ನೋಡಲು ಮೊಳಕಾಲ್ಮುರುವಿಗೆ ಹೊರಟಾಗ ಮೊದಲು ಮಾಡಿದ ಕೆಲಸ, ತಮ್ಮನಿಗೊಂದು ಹೊಸ ಅಂಗಿ ಹೊಲಿಸಿದ್ದು.

“ನೀನೇನೂ ಮಾತಾಡ್ಬೇಡ ತಮ್ಮಾ. ಸುಮ್ನೆ ಕೂತ್ಕೊ. ಕೊನೇಲಿ ಒಂದೇ ಒಂದು ಮಾತು ಹೇಳು.”

“ಯಾವ ಮಾತು ಅಕ್ಕ?”

“ಯಾವ್ದಾದ್ರೂ.”

ಹೆಣ್ಣಿನ ತಂದೆ ಓಬಯ್ಯನದು ರೇಷ್ಮೆ ಸೀರೆ ನೇಯುವ ಮನೆ. ಮುಂದೊಂದು ಕೋಣೆ, ಅದರಾಚೆ ಮಗ್ಗದ ಕೋಣೆ, ಅದಕ್ಕಂಟಿಕೊಂಡು ಅಡುಗೆಮನೆ. ಮಗಳು ನಾಗರತ್ನ ಕಂಪ್ಯೂಟರಿನಲ್ಲಿ ಸೀರೆಯಂಚಿನ ಡಿಸೈನ್ ಹಾಕುವವಳು. ಓಬಯ್ಯನ ತಾಯಿ ಜೋಗಮ್ಮ ಗಡಿಯಾಚೆಯ ರಾಯದುರ್ಗದಿಂದ ಸೊಸೆಯಾಗಿ ಬಂದವಳು. ಇಲ್ಲೇ ಮುದುಕಿಯಾದರೂ ಗಾಬರಿಯಾದಾಗ ತೆಲುಗನ್ನೇ ಆಡುವವಳು. ಅವಳು ಬಾಗಿಲ ಬಳಿ ಕೂತು ಗಂಡಿನ ಕಡೆಯವರನ್ನು ಒಬ್ಬೊಬ್ಬರಾಗಿ ಅಳೆಯುತ್ತಿದ್ದಳು. ಓಬಯ್ಯನ ಹೆಂಡತಿ ಸಿದ್ದಕ್ಕ ಉಪ್ಪಿಟ್ಟು ತಂದಿಟ್ಟಳು. ಮದುವೆ ಬ್ರೋಕರ್ ಚಿಕ್ಕೀರಪ್ಪ ಎರಡೂ ಕಡೆಯವರನ್ನು ಒಂದೇ ಉಸಿರಿನಲ್ಲಿ ಹೊಗಳತೊಡಗಿದ.

ಜಾತಕ ಬಿಚ್ಚಿದರು. ಜಾತಕ ನೋಡುವಾಗ ಬೊಮ್ಮಲಿಂಗಪ್ಪನಿಗೆ ಕೆಲಸವಿರಲಿಲ್ಲ. ಅವನ ತಲೆಯ ಪಕ್ಕದಲ್ಲೇ ಗೋಡೆಗೂಡು, ಅದರ ತುಂಬ ಹಳೆಯ ಪುಸ್ತಕಗಳು. ಸೀರೆ ಮಡಿಸುವಾಗ ಒಳಗಿಡಲೆಂದು ಓಬಯ್ಯ ಎಂದೋ ರದ್ದಿ ಅಂಗಡಿಯಿಂದ ತೂಕಕ್ಕೆ ತಂದಿದ್ದ ರಾಶಿಯಲ್ಲಿ ಸಿಕ್ಕವು. ನಾಗರತ್ನ ಆಗ ಲಂಗದ ಹುಡುಗಿ, ಅತ್ತು ಕರೆದು ಅವನ್ನು ಉಳಿಸಿಕೊಂಡಿದ್ದಳು. ಬೊಮ್ಮಲಿಂಗಪ್ಪ ಸುಮ್ಮನೆ ಒಂದನ್ನು ಎಳೆದ. ಮುಖಪುಟದಲ್ಲಿ ಎರಡು ಜಡೆಯ ಹುಡುಗಿ, ಕೈಯಲ್ಲಿ ಬ್ಯಾಟರಿ, ಮುಂದೊಂದು ಹಾಳುಬಾವಿ. ‘ಪತ್ತೇದಾರಿ ಕುಮುದಾ: ಹಾಳುಬಾವಿಯ ಹರಳು’ ಎಂದಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ಹನ್ನೆರಡು ವರ್ಷದೊಳಗಿನ ಜಾಣ ಮಕ್ಕಳಿಗೆ.’

ಬೊಮ್ಮಲಿಂಗಪ್ಪನಿಗೆ ಐವತ್ತೆಂಟು. ಶಾಲೆ ಬಿಟ್ಟ ಮೇಲೆ ಮೂಟೆಯ ಮೇಲಿನ ಮಾರ್ಕು, ಗೋಡೆಯ ಮೇಲಿನ ಕ್ಯಾಲೆಂಡರು ಬಿಟ್ಟು ಬೇರೇನನ್ನೂ ಓದಿದವನಲ್ಲ. ಆದರೆ ಅವನು ಬಿಚ್ಚಿದ ಪುಟದಲ್ಲಿ ಕುಮುದಾ ಆಗಲೇ ಹಗ್ಗ ಹಿಡಿದು ಬಾವಿಗೆ ಇಳಿಯುತ್ತಿದ್ದಳು. ಒಳಗೆ ಕತ್ತಲು. ಗೋಡೆಯಲ್ಲೊಂದು ಗುಪ್ತ ಗೂಡು. ಅದಕ್ಕೆ ಕೈ ಹಾಕಬೇಕು ಎನ್ನುವಷ್ಟರಲ್ಲಿ ಹಗ್ಗ ಸಡಿಲಾಯಿತು.

“ಏನಂತೀಯಪ್ಪಾ ತಮ್ಮಾ?” ಯರ್ರಮ್ಮ ಕೇಳಿದಳು. ಜಾತಕ ಮುಗಿದಿತ್ತು. ಎಲ್ಲರೂ ಅವನ ಒಂದು ಮಾತಿಗೆ ಕಾಯುತ್ತಿದ್ದರು.

“ಮೇಲಿಂದ ಯಾರೋ ಹಗ್ಗ ಕೊಯ್ದಾರೆ,” ಎಂದ ಬೊಮ್ಮಲಿಂಗಪ್ಪ.

ಓಬಯ್ಯ ಲೋಟ ಕೆಳಗಿಟ್ಟ.

“ನಿಮಗ್ಯಾರು ಹೇಳಿದ್ರು ಯಜಮಾನ್ರೇ? ಹೌದು, ಹೋದ ವರ್ಷ ಬಂದಿದ್ದ ಸಂಬಂಧಾನ ಯಾರೋ ಚಾಡಿ ಹೇಳಿ ಕೆಡಿಸಿದ್ರು. ನಾವು ಈ ವಿಷ್ಯ ಯಾರ ಮುಂದೂ ಆಡಿಲ್ಲ. ಕೂತಲ್ಲೇ ಕಂಡುಹಿಡಿದ್ರಲ್ಲ!”

ಚಿಕ್ಕೀರಪ್ಪನ ಮುಖ ಸುಣ್ಣವಾಯಿತು. ಎಲ್ಲರೂ ಚಪ್ಪಲಿ ಹಾಕಿಕೊಳ್ಳುವಾಗ ಅವನು ಬೊಮ್ಮಲಿಂಗಪ್ಪನನ್ನು ಬೇವಿನ ಮರದ ಕೆಳಗೆ ಎಳೆದೊಯ್ದು ಕೈಮುಗಿದ. “ಅಣ್ಣಾರೆ, ಹುಡುಗನ ವಯಸ್ಸು ಎರಡು ವರ್ಷ ಕಮ್ಮಿ ಹೇಳಿದ್ದು ನಾನೇ. ಅದೊಂದು ಬಿಟ್ರೆ ನಾನು ಬೇರೆ ಯಾವ ಹಗ್ಗಾನೂ ಕೊಯ್ದಿಲ್ಲ, ಮಾರಮ್ಮನ ಆಣೆ.”

ಬೊಮ್ಮಲಿಂಗಪ್ಪನಿಗೆ ಈ ಯಾವುದೂ ಕಿವಿಗೆ ಬೀಳಲಿಲ್ಲ. ಪುಸ್ತಕವನ್ನು ಕೇಳಿ ತರಬಹುದಿತ್ತು. ಆದರೆ ಗಂಡಿನ ಕಡೆಯ ಹಿರಿಯ, ತೂಕದ ಮನುಷ್ಯ, ‘ಹನ್ನೆರಡು ವರ್ಷದೊಳಗಿನ ಜಾಣ ಮಕ್ಕಳ’ ಪುಸ್ತಕ ಕೊಡಿ ಎಂದು ಕೈಚಾಚುವುದೆಂದರೇನು? ಅದಕ್ಕಿಂತ ಉಪ್ಪಿಟ್ಟನ್ನು ಕಟ್ಟಿಕೊಡಿ ಎಂದು ಕೇಳುವುದು ಮೇಲು. ಆದ್ದರಿಂದ ಅವನು ಮತ್ತೆ ಹೊಸ್ತಿಲಿಗೆ ಬಂದು ನಿಂತು ಗಂಭೀರವಾಗಿ, “ಇನ್ನೊಂದ್ಸಲ ಬಂದು ನೋಡ್ಬೇಕಾಗ್ತತೆ,” ಎಂದ.

ಬಸ್ಸಿನಲ್ಲಿ ಅನಾಹುತ ಆರಂಭವಾಯಿತು. ಮಾರುತೇಶ ಮುಂದಿನ ಸೀಟಿನಲ್ಲಿ ಫೋನಿನಲ್ಲಿ ಮುಳುಗಿದ್ದ. ತಳಕು ಊರು ದಾಟುವ ಹೊತ್ತಿಗೆ ತೂಕಡಿಸುತ್ತಿದ್ದ ಬೊಮ್ಮಲಿಂಗಪ್ಪ ದೀರ್ಘವಾಗಿ ಉಸಿರುಬಿಟ್ಟು, “ಪಾಪ, ಆ ಹುಡುಗಿ ಬಾವಿಯಿಂದ ಮೇಲೆ ಬಂದ್ಲೋ ಇಲ್ವೋ,” ಎಂದು ಗೊಣಗಿದ.

ಯರ್ರಮ್ಮ ಅವನ ತೋಳು ಹಿಡಿದೆಳೆದಳು. “ಯಾವ ಹುಡುಗಿಯೋ? ಯಾವ ಬಾವಿಯೋ?”

ಅವನಿಗೆ ಎಚ್ಚರವಾಯಿತು. ನಾಚಿಕೆಯಾಯಿತು. ನಾಚಿಕೆಯಾದಾಗ ಅವನ ಮುಖ ಇನ್ನಷ್ಟು ಗಂಭೀರವಾಗುತ್ತಿತ್ತು. “ಈಗ ಬ್ಯಾಡಕ್ಕ. ಪೂರ್ತಿ ಗೊತ್ತಾಗ್ಲಿ, ಆಮ್ಯಾಲೆ ಹೇಳ್ತೀನಿ,” ಎಂದು ಕಿಟಕಿಯಾಚೆ ನೋಡಿದ.

ಹುಡುಗಿ ಬಾವಿಗೆ ಬಿದ್ದಿದ್ದವಳು ಎಂದು ಯರ್ರಮ್ಮ ಅಲ್ಲೇ ತೀರ್ಮಾನ ಮಾಡಿಕೊಂಡಳು. ಯಾಕೆ ಬಿದ್ದಳು, ಯಾರಿಗಾಗಿ ಬಿದ್ದಳು, ಇವೆಲ್ಲ ಚಳ್ಳಕೆರೆ ಬರುವಷ್ಟರಲ್ಲಿ ಅವಳ ತಲೆಯಲ್ಲಿ ಒಂದೊಂದಾಗಿ ಹುಟ್ಟಿ ಬೆಳೆದು ದೊಡ್ಡವಾದವು. ಬಸ್ಸಿಳಿದವಳೇ ಚಿಕ್ಕೀರಪ್ಪನಿಗೆ ಫೋನು ಮಾಡಿದಳು. “ಆ ಮನೇಲಿ ಬಾವಿ ಐತೇನು, ಸುಮ್ನೆ ಹಂಗೇ ಕೇಳು. ನಾನು ಕೇಳಿದೆ ಅನ್ಬೇಡ.”

ಚಿಕ್ಕೀರಪ್ಪ ಸುಮ್ಮನೆ ಹಾಗೇ ಕೇಳಿದ: “ಓಬಯ್ಯಾರೆ, ನಿಮ್ಮನೇಲಿ ಬಾವಿ ಐತೇನು ಅಂತ ಯರ್ರಮ್ಮಾರು ಕೇಳಿದಾರೆ. ಅವರು ಕೇಳಿದ್ರು ಅಂತ ಅನ್ಕೋಬೇಡಿ.”

ಓಬಯ್ಯನ ಹಿತ್ತಲಲ್ಲಿ ಬಾವಿ ಇತ್ತು. ಬತ್ತಿ ಯಾವುದೋ ಕಾಲವಾಗಿತ್ತು. ಮೇಲೆ ಚಪ್ಪಡಿ ಎಳೆದು ಸೌದೆ ಒಟ್ಟಿದ್ದರು. ಅವನಿಗೆ ಎಲ್ಲ ಹೊಳೆಯಿತು. “ಸಿದ್ದೀ, ಆ ಯಜಮಾನ್ರು ವಾಸ್ತು ಗೊತ್ತಿರೋರು ಕಣೆ. ಕೂತಲ್ಲೇ ಹಿತ್ತಲ ಬಾವಿ ಕಂಡಾರೆ. ನಮ್ಮ ಮಗಳ ಸಂಬಂಧಗಳು ಯಾಕೆ ಕೂಡ್ತಿಲ್ಲ ಅಂತ ಈಗ ಗೊತ್ತಾಯ್ತು.”

ಮರುದಿನವೇ ಸೌದೆ ಎತ್ತಿಸಿ, ಕಟ್ಟೆಗೆ ಸುಣ್ಣ ಹೊಡೆಸಿ, ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡಿಸಿದ.

ಮುಂದಿನ ಭಾನುವಾರ ಬೊಮ್ಮಲಿಂಗಪ್ಪ ಒಬ್ಬನೇ ಬಂದ. ಓಬಯ್ಯ ಅವನನ್ನು ನೇರ ಹಿತ್ತಿಲಿಗೆ ಕರೆದೊಯ್ದು ಮದುಮಗಳಂತೆ ಸಿಂಗಾರಗೊಂಡ ಬಾವಿಯನ್ನು ತೋರಿಸಿದ. “ಹೆಂಗೈತೆ ಯಜಮಾನ್ರೇ? ಏನಾದ್ರೂ ಉಳಿದೈತಾ?”

ಬೊಮ್ಮಲಿಂಗಪ್ಪನ ಜೀವ ಮುಂದಿನ ಕೋಣೆಯ ಗೋಡೆಗೂಡಿನಲ್ಲಿತ್ತು. “ಪರವಾಗಿಲ್ಲ. ನಾನು ಆ ಮುಂದಿನ ಕೋಣೇಲಿ ಸ್ವಲ್ಪ ಹೊತ್ತು ಒಬ್ನೇ ಕೂರ್ಬೇಕಲ್ಲ. ಬಾಗ್ಲು ಹಾಕ್ಕೊಂಡು.”

“ಕೂತ್ಕೊಳ್ಳಿ, ಕೂತ್ಕೊಳ್ಳಿ!” ಓಬಯ್ಯ ಮಗ್ಗ ನಿಲ್ಲಿಸಿದ. ಸಿದ್ದಕ್ಕ ಕುಕ್ಕರ್ ಇಳಿಸಿದಳು. ಮನೆಯವರೆಲ್ಲ ಬೆರಳ ತುದಿಯಲ್ಲಿ ಓಡಾಡಿದರು. ಬೀದಿಯಲ್ಲಿ ಕೂಗುತ್ತಾ ಬಂದ ತರಕಾರಿಯವನನ್ನು ಜೋಗಮ್ಮ ಕೈಸನ್ನೆಯಲ್ಲೇ ಓಡಿಸಿದಳು. ಒಳಗೆ ಕುಮುದಾ ಬಾವಿಗೋಡೆಯ ಕಲ್ಲು ಹಿಡಿದು, ಜಡೆಯ ರಿಬ್ಬನ್ ಬಿಚ್ಚಿ ಕೊಕ್ಕೆ ಮಾಡಿ, ಹರಳನ್ನೂ ಜೀವವನ್ನೂ ಉಳಿಸಿಕೊಂಡು ಮೇಲೆ ಬಂದಳು. ಬೊಮ್ಮಲಿಂಗಪ್ಪ ಕಣ್ಣೊರೆಸಿಕೊಂಡ. ಪುಸ್ತಕ ಮುಚ್ಚಿದ. ಹಿಂದಿನ ರಟ್ಟಿನ ಮೇಲೆ ಮುದ್ರಿಸಿದ್ದರು: ‘ಕುಮುದಾಳ ಮುಂದಿನ ಸಾಹಸ ಓದಿರಿ!’ ಗೂಡಿನಲ್ಲಿ ಅದೂ ಇತ್ತು. ಅದರ ಮುಂದಿನದೂ ಇತ್ತು. ಸಾಲುಸಾಲಾಗಿ ಇದ್ದವು.

ಅಲ್ಲಿಗೆ ಭಾನುವಾರಗಳು ಕೆಟ್ಟವು. ಬೊಮ್ಮಲಿಂಗಪ್ಪ ಬೆಳಗಿನ ಬಸ್ಸಿಗೆ ಹೊರಡುವುದು, ಸಂಜೆ ಕಣ್ಣು ಕೆಂಪಗೆ ಮಾಡಿಕೊಂಡು ಮರಳುವುದು. ಅವನ ಹೆಂಡತಿ ಗೀತಮ್ಮ ಅಂಗಿಗೆ ಇಸ್ತ್ರಿ ಹಾಕುತ್ತಾ ಹೇಳಿದಳು: “ನನ್ನ ನೋಡಾಕೆ ಬಂದಾಗ ಒಂದೇ ಸಲ ಬಂದಿದ್ರಿ. ಅದೂ ಅರ್ಧಕ್ಕೇ ಎದ್ದು ಹೋಗಿದ್ರಿ.”

ಮೊಳಕಾಲ್ಮುರುವಿನಲ್ಲಿ ಅವನ ಕೀರ್ತಿ ಬೀದಿ ದಾಟಿತು. ಪಕ್ಕದ ಮನೆಯ ಶಿವಮೂರ್ತಪ್ಪ ಬಂದು, “ಹಂಗೇ ನಮ್ಮನೆ ಬಾಗ್ಲೂ ಒಂಚೂರು ನೋಡ್ತಾರೇನು? ಸೊಸೆ ದಿನಾ ಜಗಳ ಆಡ್ತಾಳೆ,” ಎಂದು ವಿಚಾರಿಸಿದ. ಬೊಮ್ಮಲಿಂಗಪ್ಪ ಒಳಗಿನಿಂದ ನಿಟ್ಟುಸಿರು ಬಿಟ್ಟರೆ ಓಬಯ್ಯ ನೀರಿನ ಡ್ರಮ್ ಜಾಗ ಬದಲಿಸಿದ. ಕೆಮ್ಮಿದರೆ ಕನ್ನಡಿ ತಿರುಗಿಸಿದ. ಒಮ್ಮೆ ಅವನು ಗಟ್ಟಿಯಾಗಿ ನಕ್ಕಾಗ ಯಾವುದನ್ನು ಎಲ್ಲಿಗೆ ಸರಿಸಬೇಕೆಂದು ತಿಳಿಯದೆ ಜೋಗಮ್ಮನನ್ನೇ ಎಬ್ಬಿಸಿ ಇನ್ನೊಂದು ಮೂಲೆಯಲ್ಲಿ ಕೂರಿಸಿದರು.

ನಾಗರತ್ನ ಮಾತ್ರ ಏನೂ ಹೇಳಲಿಲ್ಲ. ಪ್ರತಿ ಭಾನುವಾರ ಸಂಜೆ ಆ ಕೋಣೆ ಗುಡಿಸುವವಳು ಅವಳೇ. ಪುಸ್ತಕದ ಹಾಳೆಗಳ ನಡುವೆ ಶೇಂಗಾದ ಕೆಂಪು ಸಿಪ್ಪೆ ಸಿಗುತ್ತಿತ್ತು. ಈ ವಾರ ಒಂದು ಪುಸ್ತಕದಲ್ಲಿ, ಮುಂದಿನ ವಾರ ಅದರ ಪಕ್ಕದ್ದರಲ್ಲಿ. ಒಂದು ಶನಿವಾರ ಅವಳು ಸಾಲಿನಲ್ಲಿ ಮುಂದೆ ಬರಬೇಕಿದ್ದ ಪುಸ್ತಕವನ್ನು ತೆಗೆದು ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಳು.

ಆ ಭಾನುವಾರ ಬೊಮ್ಮಲಿಂಗಪ್ಪ ಬಾಗಿಲು ಹಾಕಿಕೊಂಡು ಒಳಹೋದವನು ಕೂಡಲೇ ಹೊರಬಂದ. ಮುಖ ಬಿಳಿಚಿತ್ತು. “ಇವತ್ತು ದಿನ ಸರಿ ಇಲ್ಲ,” ಎಂದವನೇ ಟೀಯನ್ನೂ ಕುಡಿಯದೆ ಹೊರಟುಹೋದ. ಓಬಯ್ಯ ತಲೆಯ ಮೇಲೆ ಕೈಹೊತ್ತು ಕೂತ. ಸಿದ್ದಕ್ಕ ಅಳಲು ಶುರುಮಾಡಿದಳು. ನಾಗರತ್ನ ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡಿದಳು. ಅವಳೂ ಅಳುತ್ತಿದ್ದಾಳೆಂದೇ ಎಲ್ಲರೂ ತಿಳಿದರು.

ಇತ್ತ ಚಳ್ಳಕೆರೆಯಲ್ಲಿ ಯರ್ರಮ್ಮನ ಸಹನೆ ಮುಗಿದಿತ್ತು. ಆ ಮನೆಯಲ್ಲಿ ಬಾವಿ ಇದೆಯೆಂದು ಗೊತ್ತಾಗಿತ್ತು. ಅದಕ್ಕೆ ಇದ್ದಕ್ಕಿದ್ದಂತೆ ಪೂಜೆ ಮಾಡಿಸಿದ್ದಾರೆಂದೂ ಗೊತ್ತಾಗಿತ್ತು. ಸುಮ್ಮಸುಮ್ಮನೆ ಬಾವಿಗೆ ಯಾರಾದರೂ ಶಾಂತಿ ಮಾಡಿಸುತ್ತಾರೆಯೇ?

“ಈ ಸಂಬಂಧ ಬ್ಯಾಡ ಮಾರುತಿ. ಚಿಕ್ಕೀರಪ್ಪ ನಾಯಕನಹಟ್ಟಿ ಕಡೆ ಇನ್ನೊಂದು ಹುಡುಗಿ ಐತೆ ಅಂದಾನೆ.”

ಮಾರುತೇಶನಿಗೆ ಕಷ್ಟಕ್ಕಿಟ್ಟುಕೊಂಡಿತು. ಅವನೂ ನಾಗರತ್ನಳೂ ಅಷ್ಟು ಹೊತ್ತಿಗೆ ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು. ಅವಳ ದನಿ ಕೇಳದೆ ಅವನಿಗೆ ಅಂಗಡಿ ಬಾಗಿಲು ಹಾಕಲು ಮನಸ್ಸಾಗುತ್ತಿರಲಿಲ್ಲ. ಹಿಂದಿನ ವಾರ ತಲೆನೋವಿನ ಮಾತ್ರೆ ಕೇಳಿದವರಿಗೆ ಕೆಮ್ಮಿನ ಔಷಧಿ ಕೊಟ್ಟಿದ್ದ. ಅವನು ಧೈರ್ಯ ಮಾಡಿ ಅವಳನ್ನೇ ಕೇಳಿದ.

“ಬೇಜಾರು ಮಾಡ್ಕೋಬೇಡ. ನೀನು ಯಾವಾಗಾದ್ರೂ... ಬಾವಿಗೆ ಬಿದ್ದಿದ್ಯಾ?”

“ಬಾವಿಗಾ? ಯಾರು ಹೇಳಿದ್ರು?”

“ಮಾವ. ಆ ಹುಡುಗಿ ಬಾವಿಯಿಂದ ಮೇಲೆ ಬಂದ್ಲೋ ಇಲ್ವೋ ಅಂತ ಬಸ್ಸಲ್ಲಿ ಅಂದ್ರಂತೆ. ಯಾರೋ ಹಗ್ಗ ಕೊಯ್ದಾರೆ ಅಂತ ನಿಮ್ಮನೇಲೇ ಹೇಳಿದ್ರಲ್ಲ, ಅದಕ್ಕೂ ಇದಕ್ಕೂ ಏನಾದ್ರೂ...”

ಆ ಕಡೆಯಿಂದ ಬಂದ ಸದ್ದು ನಗುವೋ ಬಿಕ್ಕಳಿಕೆಯೋ ಮಾರುತೇಶನಿಗೆ ತಿಳಿಯಲಿಲ್ಲ. ಕೊನೆಗೆ ಅವಳು ಉಸಿರು ಹಿಡಿದುಕೊಂಡು ಹೇಳಿದಳು: “ಈ ಭಾನುವಾರ ಅತ್ತೇರನ್ನ ಕರ್ಕೊಂಡು ಬನ್ನಿ. ಏನಿದ್ರೂ ಎದುರಿಗೇ ಮಾತಾಡಾಣ. ಮಾವನೋರಿಗೆ ಮಾತ್ರ ಹೇಳ್ಬೇಡಿ.”

ಯರ್ರಮ್ಮ ಒಪ್ಪಿದಳು. ಬೇಡ ಎಂಬುದನ್ನು ಫೋನಿನಲ್ಲಿ ಹೇಳುವುದಕ್ಕಿಂತ ಮುಖ ಕೊಟ್ಟು ಹೇಳುವುದೇ ಮರ್ಯಾದೆ ಎಂಬುದು ಅವಳ ಲೆಕ್ಕ.

ಆ ಭಾನುವಾರ ಬೊಮ್ಮಲಿಂಗಪ್ಪ ಮೊದಲ ಬಸ್ಸಿಗೇ ಬಂದಿದ್ದ. ಗೂಡಿಗೆ ಕಣ್ಣು ಹಾಯಿಸಿದರೆ, ದೇವರು ದೊಡ್ಡವನು, ಕಾಣೆಯಾಗಿದ್ದ ಪುಸ್ತಕ ಅದರ ಜಾಗದಲ್ಲೇ ಇತ್ತು. ಬಾಗಿಲು ಹಾಕಿಕೊಂಡ. ಈ ಸಲ ಕುಮುದಾ ಹಳೆಯ ಜಮೀನ್ದಾರರ ಬಂಗಲೆಯಲ್ಲಿದ್ದಳು. ಸತ್ತುಹೋದ ಅಜ್ಜಿಯ ಚಿನ್ನದ ಡಾಬು ಕಾಣೆಯಾಗಿತ್ತು. ಕುಮುದಾ ಅಟ್ಟ ಹುಡುಕಿದಳು, ಕೊಟ್ಟಿಗೆ ಹುಡುಕಿದಳು. ಇಡೀ ಬಂಗಲೆಯಲ್ಲಿ ಮಸಿ ಹಿಡಿಯದೆ ಬೆಳ್ಳಗಿದ್ದದ್ದು ಅಡುಗೆಮನೆಯ ಒಂದೇ ಗೋಡೆ. ಅವಳು ಅದನ್ನು ನೋಡಿಯೂ ನೋಡದೆ ಮುಂದೆ ಹೋಗುತ್ತಿದ್ದಳು. ಬೊಮ್ಮಲಿಂಗಪ್ಪನಿಗೆ ತಡೆಯಲಾಗಲಿಲ್ಲ. ಜೀವಮಾನದಲ್ಲೇ ಮೊದಲ ಸಲ ಅವನು ಗಂಟಲು ಬಿರಿಯುವಂತೆ ಕೂಗಿದ:

“ಅಯ್ಯೋ ಅಡುಗೆಮನೆ! ಅಡುಗೆಮನೆ ಗೋಡೆ ಒಳಗೇ ಐತಲ್ಲೇ! ಒಡೀರಿ ಅದನ್ನ!”

ಬಾಗಿಲಿಗೆ ಕಿವಿಗೊಟ್ಟಿದ್ದ ಜೋಗಮ್ಮ ಬೆಚ್ಚಿ ಎದ್ದಳು. “ಗೋಡ! ಗೋಡಲೋ ಉಂದಂಟ ರಾ ಓಬಯ್ಯಾ!” ಗೋಡೆಯೊಳಗಂತೆ, ದೋಷ ಗೋಡೆಯೊಳಗಂತೆ!

ಓಬಯ್ಯ ಹಾರೆ ಹುಡುಕಿದ. ಹೋದ ವಾರ ‘ದಿನ ಸರಿ ಇಲ್ಲ’ ಎಂದು ಹೋದವರು ಇಂದು ಬಾಯಿಬಿಟ್ಟು ಜಾಗವನ್ನೇ ಹೇಳಿದ್ದಾರೆ! ಅಡುಗೆಮನೆಗೂ ಮಗ್ಗದ ಕೋಣೆಗೂ ನಡುವಿನ ಗೋಡೆ ಅವನ ಅಪ್ಪ ಕಟ್ಟಿಸಿದ್ದ ಮಣ್ಣಿಟ್ಟಿಗೆಯದು. ಸಿದ್ದಕ್ಕ ಸಾರಿನ ಪಾತ್ರೆ ಎತ್ತಿಕೊಂಡು ಹೊರಗೋಡಿದಳು. ನಾಗರತ್ನ, “ಅಪ್ಪಾ, ನಿಲ್ಲಪ್ಪಾ, ಅದಲ್ಲಪ್ಪಾ!” ಎಂದು ಓಡಿಬರುವಷ್ಟರಲ್ಲಿ ಮೂರು ಪೆಟ್ಟು ಬಿದ್ದಾಗಿತ್ತು. ನಾಲ್ಕನೆಯದಕ್ಕೆ ಅರ್ಧ ಗೋಡೆ ಧೊಪ್ಪೆಂದು ಕುಸಿಯಿತು.

ಅದೇ ಗಳಿಗೆಗೆ ಯರ್ರಮ್ಮ ಮಗನೊಂದಿಗೆ ಒಳಬಂದಳು. ಧೂಳು. ಕೆಮ್ಮು. ಸಾರಿನ ಪಾತ್ರೆ ತಬ್ಬಿ ನಿಂತ ಬೀಗಿತ್ತಿ. ಹಾರೆ ಹಿಡಿದ ಬೀಗ. ಗದ್ದಲ ಕೇಳಿ ಮುಂದಿನ ಕೋಣೆಯಿಂದ ಓಡಿಬಂದ ತಮ್ಮ, ಅವನ ಕೈಯಲ್ಲಿ ಬೆರಳು ಸಿಕ್ಕಿಸಿದ ಪುಸ್ತಕ.

“ಇಲ್ಲೇನೂ ಕಾಣ್ತಿಲ್ಲವಲ್ಲ ಯಜಮಾನ್ರೇ,” ಎಂದ ಓಬಯ್ಯ, ಇಟ್ಟಿಗೆಗಳನ್ನು ಕೆದಕುತ್ತಾ. “ಇನ್ನೂ ಕೆಳಗೈತಾ?”

“ಏನು ಇನ್ನೂ ಕೆಳಗೆ?” ಎಂದ ಬೊಮ್ಮಲಿಂಗಪ್ಪ.

ಯರ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಗೋಡೆ ವಿಷ್ಯ ಆಮ್ಯಾಲೆ. ಮೊದ್ಲು ಬಾವಿ ವಿಷ್ಯ ಹೇಳ್ರಿ. ಯಾರು ಬಿದ್ದೋರು?”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಆಗ ನಾಗರತ್ನ ಮಧ್ಯೆ ಬಂದು ನಿಂತಳು. ಭಾವೀ ಅತ್ತೆಯ ಎದುರೇ ಸ್ಪಷ್ಟವಾಗಿ ಹೇಳಿದಳು.

“ನಮ್ಮ ಬಾವಿಗೆ ಯಾರೂ ಬಿದ್ದಿಲ್ಲ ಅತ್ತೇರೆ. ಬಿದ್ದೋಳು ಕುಮುದಾ. ಈ ಪುಸ್ತಕದ ಹುಡುಗಿ. ಅಪ್ಪಾ, ಮಾವನೋರಿಗೆ ವಾಸ್ತು ಗೊತ್ತಿಲ್ಲ. ಪ್ರತಿ ವಾರ ಶೇಂಗಾ ಸಿಪ್ಪೆ ಒಂದು ಪುಸ್ತಕದಿಂದ ಪಕ್ಕದ ಪುಸ್ತಕಕ್ಕೆ ಹೋಗ್ತಿತ್ತು. ಹೋದ ವಾರ ನಾನು ಇದೇ ಪುಸ್ತಕ ಬಚ್ಚಿಟ್ಟೆ, ಅವರು ಟೀನೂ ಕುಡೀದೆ ಹೋದ್ರು. ಅವರು ಬರ್ತಿದ್ದಿದ್ದು ನನ್ನ ನೋಡೋಕಲ್ಲ, ಮನೆ ನೋಡೋಕೂ ಅಲ್ಲ. ಇವುಗಳನ್ನ ಓದೋಕೆ. ಎಲ್ರ ಮುಂದೂ ಇದನ್ನ ಹೇಳೋಣ ಅಂತ್ಲೇ ಕರೆಸಿದ್ದೆ. ಗೋಡೆ ಇಷ್ಟು ಬೇಗ ಬೀಳ್ತತೆ ಅಂತ ಗೊತ್ತಿರ್ಲಿಲ್ಲ.”

ಯರ್ರಮ್ಮ ತಮ್ಮನ ಕೈಯಿಂದ ಪುಸ್ತಕ ಕಿತ್ತು ಮುಖಪುಟ ನೋಡಿದಳು. ಎರಡು ಜಡೆ, ಬ್ಯಾಟರಿ. ಅಕ್ಷರ ಕೂಡಿಸಿ ಕೂಡಿಸಿ ಗಟ್ಟಿಯಾಗಿ ಓದಿದಳು: “ಹ-ನ್ನೆ-ರ-ಡು ವರ್ಷ-ದೊಳ-ಗಿನ...”

“ಜಾಣ ಮಕ್ಕಳಿಗೆ,” ಎಂದು ಬೊಮ್ಮಲಿಂಗಪ್ಪನೇ ಪೂರ್ತಿ ಮಾಡಿದ. ಅವನ ಕಿವಿ ಕೆಂಪಾಗಿದ್ದವು. ಓಬಯ್ಯನ ಎದುರು ಹೋಗಿ ಕೈಮುಗಿದ. “ಬೀಗ್ರೇ, ತಪ್ಪಾಯ್ತು. ಕೇಳಾಕೆ ನಾಚಿಕೆ ಆಯ್ತು. ಗೋಡೆ ನಾನೇ ನಿಂತು ಕಟ್ಟಿಸ್ತೀನಿ. ಇಟ್ಟಿಗೆ ನಾನೇ ಹೊರ್ತೀನಿ.”

ಓಬಯ್ಯ ಒಮ್ಮೆ ಅವನನ್ನು ನೋಡಿದ, ಒಮ್ಮೆ ಗೋಡೆಯನ್ನು ನೋಡಿದ. ಹಾರೆಯ ಮೇಲಿನ ಅವನ ಹಿಡಿತ ಬಿಗಿಯಾಗಿತ್ತು. ಮಾರುತೇಶ ಮೆಲ್ಲಗೆ ಬಂದು ತನ್ನ ಸೋದರಮಾವನ ಮುಂದೆ ಅಡ್ಡ ನಿಂತ. ಸಂಬಂಧ ಮುರಿಯುವುದಕ್ಕೆ ಇನ್ನೊಂದೇ ಮಾತು ಸಾಕಿತ್ತು.

ಆ ಮಾತಾಡಿದವಳು ಜೋಗಮ್ಮ.

“ಏಮಯ್ಯಾ,” ಎಂದು ಅವಳು ಬೊಮ್ಮಲಿಂಗಪ್ಪನ ತೋಳು ಅಲ್ಲಾಡಿಸಿದಳು. “ಆ ಪಿಲ್ಲ ಬತಿಕಿಂದಾ ಲೇದಾ?”

“ಯಾರಜ್ಜಿ?”

“ಅದೇ, ಬಾವಿಗೆ ಬಿದ್ದ ಹುಡುಗಿ. ಬದುಕಿದ್ಲಾ ಇಲ್ವಾ, ಅದು ಹೇಳು ಮೊದ್ಲು!”

“ಬದುಕಿದ್ಲಜ್ಜಿ,” ಎಂದ ಬೊಮ್ಮಲಿಂಗಪ್ಪ. “ಆದ್ರೆ ಹೆಂಗೆ ಬದುಕಿದ್ಲು ಅನ್ನೋದೇ ಐತಲ್ಲ...”

ಅವನು ಹೇಳತೊಡಗಿದ. ಐವತ್ತೆಂಟು ವರ್ಷ ಬಾಯೊಳಗೇ ಕೂತಿದ್ದ ಮಾತುಗಳೆಲ್ಲ ಎದ್ದು ಬಂದವು. ಕತ್ತಲೆಯ ಬಾವಿಯಾಯಿತು, ಪಾಚಿಗಟ್ಟಿದ ಕಲ್ಲಾಯಿತು. ಸಿದ್ದಕ್ಕ ಸಾರಿನ ಪಾತ್ರೆ ಇಳಿಸಿ ಇಟ್ಟಿಗೆ ರಾಶಿಯ ಮೇಲೇ ಕೂತಳು. ಕುಮುದಾಳ ಕಾಲು ಜಾರಿದಾಗ ಯರ್ರಮ್ಮ, “ಅಯ್ಯೋ ಕೂಸೇ,” ಎಂದು ಸಿದ್ದಕ್ಕನ ಕೈ ಹಿಡಿದಳು. ಓಬಯ್ಯ ಯಾವಾಗ ಹಾರೆ ಕೆಳಗಿಟ್ಟ ಎಂಬುದನ್ನು ಯಾರೂ ಗಮನಿಸಲಿಲ್ಲ.

“ಅಷ್ಟೊತ್ತಿಗೆ ಮೇಲೆ ಹಗ್ಗ ಕೊಯ್ದೋನು ಬಗ್ಗಿ ನೋಡ್ದ,” ಎಂದ ಬೊಮ್ಮಲಿಂಗಪ್ಪ. “ಬ್ಯಾಟರಿ ಬೆಳಕು ಅವನ ಮುಖದ ಮೇಲೆ ಬಿತ್ತು. ಯಾರು ಅಂತೀರಿ...”

“ಮಾವನೋರೆ!” ನಾಗರತ್ನ ಕೂಗಿದಳು. “ಕಳ್ಳ ಯಾರು ಅಂತ ಹೇಳ್ಬಾರ್ದು. ಅದು ತಪ್ಪು.”

ಬೊಮ್ಮಲಿಂಗಪ್ಪ ಅಪರಾಧ ಮಾಡಿ ಸಿಕ್ಕಿಬಿದ್ದವನಂತೆ ಬಾಯಿ ಮುಚ್ಚಿಕೊಂಡ.

“ಹೇಳೋ!” ಎಂದಳು ಯರ್ರಮ್ಮ.

“ಇಲ್ಲಕ್ಕ. ಹುಡುಗಿ ಹೇಳೋದು ಖರೆ.”

“ಹಂಗಾದ್ರೆ ಆ ಪುಸ್ತಕ ಕೊಡವ್ವ, ಓದಿಸ್ಕೊಂತೀನಿ.”

“ಈ ಪುಸ್ತಕಗಳು ನನ್ನ ಬಿಟ್ಟು ಎಲ್ಲೂ ಹೋಗಲ್ಲ ಅತ್ತೇರೆ,” ಎಂದಳು ನಾಗರತ್ನ, ನೆಲ ನೋಡುತ್ತಾ. “ನಾನು ಎಲ್ಲಿರ್ತೀನೋ ಅಲ್ಲೇ ಇರ್ತಾವೆ.”

ಯರ್ರಮ್ಮ ಒಂದು ಗಳಿಗೆ ಅವಳನ್ನೇ ನೋಡಿದಳು. ಮಗನ ಮುಖವನ್ನೂ ನೋಡಿದಳು. ಆಮೇಲೆ ಓಬಯ್ಯನ ಕಡೆ ತಿರುಗಿ, ಎಲ್ಲ ತಪ್ಪೂ ಅವನದೇ ಎಂಬಂತೆ ಗದರಿದಳು: “ಏನ್ರೀ ಬೀಗ್ರೇ, ಇನ್ನೂ ಸುಮ್ನೆ ನಿಂತೀರಲ್ಲ? ಪಂಚಾಂಗ ತೆಗೀರಿ. ಹತ್ತಿರದಾಗೆ ಯಾವ ಲಗ್ನ ಐತೆ ನೋಡ್ರಿ.”

ಮದುವೆಯಾಯಿತು. ಗೋಡೆಯನ್ನು ಮಾತ್ರ ಸಿದ್ದಕ್ಕ ಕಟ್ಟಗೊಡಲಿಲ್ಲ. ಅದು ಬಿದ್ದ ಮೇಲೆ ಮಗ್ಗದ ಕೋಣೆಯ ಕಿಟಕಿಯ ಬೆಳಕು ನೇರ ಒಲೆಯ ತನಕ ಬರುತ್ತಿತ್ತು. ಇಷ್ಟು ವರ್ಷ ಕತ್ತಲಲ್ಲಿ ಬೇಯಿಸಿ ಸಾಕಾಗಿದೆ ಎಂದಳು. ಶಿವಮೂರ್ತಪ್ಪ ಬಂದು ನೋಡಿ, ವಾಸ್ತು ಎಂದರೆ ಇದು ಎಂದು ತಲೆದೂಗಿ, ಮನೆಗೆ ಹೋಗಿ ತನ್ನ ಗೋಡೆಯನ್ನೂ ಒಡೆಸಿದ. ಆತನ ಸೊಸೆ ಜಗಳ ನಿಲ್ಲಿಸಿದಳೆಂದು ವರದಿ.

ಈಗ ಚಳ್ಳಕೆರೆಯಲ್ಲಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಬೊಮ್ಮಲಿಂಗಪ್ಪ ಗಟ್ಟಿಯಾಗಿ ಓದುತ್ತಾನೆ. ಉಳಿದವರು ಸುತ್ತ ಕೂತು ಕೇಳುತ್ತಾರೆ. ಮೊನ್ನೆ ಒಂದು ಪುಸ್ತಕ ಮುಗಿಯಿತು. ದೇವಸ್ಥಾನದ ಬೆಳ್ಳಿ ಗಂಟೆ ಕದ್ದವನು ಮಾಲಿ ಎಂದು ಕುಮುದಾ ಸಾಬೀತು ಮಾಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು, ಯರ್ರಮ್ಮ ಒಬ್ಬಳನ್ನು ಬಿಟ್ಟು.

“ಮಾಲಿ ಅಲ್ಲ. ಆ ಧರ್ಮದರ್ಶಿ ಹೆಂಡ್ತಿ,” ಎಂದಳು.

“ಅಕ್ಕ, ಮಾಲಿನೇ ಒಪ್ಕೊಂಡಾನೆ. ಪೊಲೀಸ್ರು ಹಿಡ್ಕೊಂಡು ಹೋದ್ರು. ಪುಸ್ತಕ ಮುಗೀತು.”

“ಒಪ್ಕೊಳ್ದೆ ಏನ್ಮಾಡ್ತಾನೆ ಬಡವ? ಆಯಮ್ಮನ ಮನೆ ಉಪ್ಪು ತಿಂದೋನು. ಗಂಟೆ ಕಳುವಾದ ದಿನ ಆಯಮ್ಮ ತವರಿಗೆ ಹೋಗಿದ್ದೆ ಅಂದ್ಲಲ್ಲ, ಅವತ್ತು ಅಮಾವಾಸ್ಯೆ. ಅಮಾವಾಸ್ಯೆ ದಿನ ಯಾರಾದ್ರೂ ಹೆಣ್ಮಗಳು ತವರಿಗೆ ಹೊರಡ್ತಾಳೇನೋ?”

ಬೊಮ್ಮಲಿಂಗಪ್ಪ ನಗುತ್ತಾ ಸೊಸೆಯ ಕಡೆ ತಿರುಗಿದ. ಆ ಪುಸ್ತಕವನ್ನು ಚಿಕ್ಕಂದಿನಿಂದ ಎಷ್ಟೋ ಸಲ ಓದಿದ್ದ ನಾಗರತ್ನ ನಗಲಿಲ್ಲ. ಅವಳ ಹುಬ್ಬು ಗಂಟಿಕ್ಕಿತ್ತು. ಮಾವನ ಕೈಯಿಂದ ಪುಸ್ತಕ ತೆಗೆದುಕೊಂಡು, ಮೊದಲ ಪುಟಕ್ಕೆ ತಿರುಗಿಸಿ, ಕಿಟಕಿಯ ಬೆಳಕಿಗೆ ಸರಿದು ಕೂತಳು.

“ತಡೀರಿ ಅತ್ತೆ,” ಎಂದಳು. “ಒಂದ್ನಿಮಿಷ ತಡೀರಿ.”